ಹತ್ತಿರದ ಪದಗಳು, ದೂರದ ಅರ್ಥಗಳು

ಪ್ರವಾದಿ ಮುಹಮ್ಮದ್(ಸ)ರ ಸಭೆಯಲ್ಲಿ ಕುಳಿತ ಅನುಯಾಯಿಗಳು ಯಾವುದಾದರೂ ಮಾತು ಸರಿಯಾಗಿ ತಿಳಿಯದಿದ್ದಾಗ ‘ರಾಇನಾ’ ಎನ್ನುತ್ತಿದ್ದರು. ನಮ್ಮ ಕಡೆ ಗಮನ ಕೊಡಿ ಎಂದು ಅದರ ಅರ್ಥ. ಆದರೆ ಕೆಲವು ವಿರೋಧಿಗಳು ಅದೇ ಪದವನ್ನು ನಾಲಿಗೆ ತಿರುಚಿ, ನಿಂದೆಯ ಅರ್ಥ ಬರುವಂತೆ ಉಚ್ಚರಿಸತೊಡಗಿದರು. ಆಗ ಆ ಪದವನ್ನು ಬಿಟ್ಟು ‘ಉನ್‌ಝುರ್‌ನಾ’ ಎಂಬ ಪದ ಬಳಸಬೇಕೆಂದು ವಿಶ್ವಾಸಿಗಳಿಗೆ ಆದೇಶ ಬಂತು (ಅಲ್‌ಬಕರಃ: 104). ಎರಡು ಪದಗಳ ಆಶಯ ಹೆಚ್ಚುಕಡಿಮೆ ಒಂದೇ. ಆದರೂ ಒಂದನ್ನು ಬಿಡಿಸಿ ಇನ್ನೊಂದನ್ನು ಕೊಡಲಾಯಿತು. ಇನ್ನೊಂದು ಸಂದರ್ಭದಲ್ಲಿ, ಈಮಾನ್ ತಂದಿದ್ದೇವೆಂದು ಹೇಳಿಕೊಂಡ ಗ್ರಾಮೀಣ ಅರಬರಿಗೆ, ಅದು ಇನ್ನೂ ನಿಮ್ಮ ಹೃದಯವನ್ನು ಹೊಕ್ಕಿಲ್ಲ, ಶರಣಾಗಿದ್ದೇವೆ ಎಂದಷ್ಟೇ ಹೇಳಿ ಎಂದು ತಿದ್ದಲಾಯಿತು (ಅಲ್‌ಹುಜುರಾತ್: 14).

ಪದಗಳ ನಡುವಿನ ಸೂಕ್ಷ್ಮ ಅಂತರವನ್ನು ಗಮನಿಸುವುದು ಪಂಡಿತರ ಹವ್ಯಾಸ ಮಾತ್ರವಲ್ಲ, ಅದು ನಮ್ಮ ದೀನ್ ಕಲಿಸಿದ ಶಿಸ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೇ? ಹಿಜರಿ ನಾಲ್ಕನೇ ಶತಮಾನದಲ್ಲಿ ಬಾಳಿದ ಅಬೂ ಹಿಲಾಲ್ ಅಲ್ ಅಸ್ಕರಿ ಎಂಬ ವಿದ್ವಾಂಸರು ಸಮಾನಾರ್ಥವೆಂದು ತೋರುವ ಅರಬೀ ಪದಗಳ ವ್ಯತ್ಯಾಸವನ್ನು ವಿವರಿಸಲೆಂದೇ ‘ಅಲ್ ಫುರೂಕ್’ ಎಂಬ ಗ್ರಂಥ ಬರೆದರು. ‘ಇಲ್ಮ್’ ಮತ್ತು ‘ಮಅ್‌ರಿಫತ್’ ಎರಡೂ ಅರಿವೇ. ಆದರೆ ಎರಡೂ ಒಂದೇ ಅಲ್ಲ ಎಂಬಂತಹ ವಿಚಾರಗಳು ಅದರಲ್ಲಿವೆ.

ಇಂದು ನಮ್ಮ ಮನೆಗಳಿಗೆ ಇಂಗ್ಲಿಷ್ ಬಂದಿರುವುದು ಶಾಲೆಯ ಪುಸ್ತಕದ ಮೂಲಕ ಮಾತ್ರವಲ್ಲ. ಬ್ಯಾಂಕಿನ ಫಾರ್ಮ್, ಪಾಸ್‌ಪೋರ್ಟ್, ಕೊಲ್ಲಿಯ ಉದ್ಯೋಗ ಪತ್ರ, ವಕೀಲರ ನೋಟೀಸು, ನಿಕಾಹ್‌ನಾಮಾದ ತರ್ಜುಮೆ ಇವುಗಳ ಮೂಲಕವೂ ಬಂದಿದೆ. ಅಲ್ಲಿ ಅಕ್ಕತಂಗಿಯರಂತೆ ಕಾಣುವ ಎರಡು ಪದಗಳಲ್ಲಿ ಒಂದರ ಬದಲು ಇನ್ನೊಂದು ಬಂದರೆ ಪರೀಕ್ಷೆಯಲ್ಲಿ ಒಂದು ಅಂಕ ಹೋಗುವುದಲ್ಲ, ಒಬ್ಬರ ಹಕ್ಕೇ ಹೋಗಬಹುದು. ಆದ್ದರಿಂದ ಓದುಗರೇ, ನಿಮ್ಮ ಮನೆಯ ಕಪಾಟಿನಲ್ಲಿರುವ ಕಾಗದಪತ್ರಗಳಲ್ಲಿ ಬರುವ ಕೆಲವು ಪದಗಳನ್ನೇ ಇಲ್ಲಿ ನೋಡೋಣ.

ಇಂಗ್ಲಿಷಿಗೆ ಇಷ್ಟೊಂದು ಜೋಡಿಪದಗಳು ಎಲ್ಲಿಂದ?

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದುಕೊಂಡನು. ಅಲ್ಲಿಂದ ಮುಂದೆ ಬಹುಕಾಲ ಅರಮನೆ ಮತ್ತು ನ್ಯಾಯಾಲಯದ ಭಾಷೆ ಫ್ರೆಂಚ್, ಚರ್ಚು ಮತ್ತು ವಿದ್ವತ್ತಿನ ಭಾಷೆ ಲ್ಯಾಟಿನ್, ರೈತರ ಹಾಗೂ ಮನೆಮಂದಿಯ ಭಾಷೆ ಇಂಗ್ಲಿಷ್ ಎಂಬಂತಾಯಿತು. ಕೊಟ್ಟಿಗೆಯಲ್ಲಿರುವ ಕುರಿ ‘ಶೀಪ್’, ಊಟದ ಮೇಜಿಗೆ ಬಂದರೆ ‘ಮಟನ್’. ಮೊದಲನೆಯದು ಸಾಕಿದವನ ಪದ, ಎರಡನೆಯದು ತಿಂದವನ ಪದ. ‘ಆಸ್ಕ್’ ಎಂಬುದು ಹಳೆಯ ಇಂಗ್ಲಿಷ್, ‘ಕ್ವೆಶ್ಚನ್’ ಫ್ರೆಂಚ್ ಮೂಲಕ ಬಂದದ್ದು, ‘ಇಂಟರಾಗೇಟ್’ ಲ್ಯಾಟಿನ್ನಿನದು. ಮೂರಕ್ಕೂ ಕನ್ನಡದಲ್ಲಿ ಕೇಳು ಎಂದರೆ ಸಾಕಾದೀತು. ಆದರೆ ತಾಯಿ ಮಗನನ್ನು ಕೇಳುವುದು ಆಸ್ಕ್, ಪೋಲೀಸರು ಆರೋಪಿಯನ್ನು ಕೇಳುವುದು ಇಂಟರಾಗೇಟ್.

ಕೆಲವೊಮ್ಮೆ ಒಂದೇ ಮೂಲಪದ ಎರಡು ದಾರಿಗಳಿಂದ ಬಂದು ಎರಡು ಪದಗಳಾಗಿ ನಿಂತಿತು. ಅರಬೀಯ ‘ಸಿಫ್ರ್’ ಎಂದರೆ ಶೂನ್ಯ. ಅದು ಯುರೋಪಿಗೆ ಹೋಗಿ ಒಂದು ದಾರಿಯಲ್ಲಿ ‘ಝೀರೋ’ ಆಯಿತು, ಇನ್ನೊಂದು ದಾರಿಯಲ್ಲಿ ಗುಪ್ತಲಿಪಿ ಎಂಬ ಅರ್ಥದ ‘ಸೈಫರ್’ ಆಯಿತು. ನೀವು ಕೈಯಲ್ಲಿ ಹಿಡಿದಿರುವ ಪತ್ರಿಕೆಯನ್ನು ‘ಮ್ಯಾಗಜಿನ್’ ಎನ್ನುತ್ತೇವಲ್ಲ, ಅದೂ ಅರಬೀಯ ‘ಮಖಾಝಿನ್’ ಅಂದರೆ ಉಗ್ರಾಣಗಳು ಎಂಬ ಪದದಿಂದ ಬಂದದ್ದು. ಮದ್ದುಗುಂಡಿನ ಉಗ್ರಾಣವೂ ಮ್ಯಾಗಜಿನ್, ಬರಹಗಳ ಉಗ್ರಾಣವೂ ಮ್ಯಾಗಜಿನ್! 1731ರಲ್ಲಿ ಲಂಡನ್ನಿನಲ್ಲಿ ಆರಂಭವಾದ ‘ಜೆಂಟಲ್‌ಮನ್ಸ್ ಮ್ಯಾಗಜಿನ್’ ಎಂಬ ಮಾಸಿಕವೇ ಈ ಪದವನ್ನು ನಿಯತಕಾಲಿಕಕ್ಕೆ ಮೊದಲು ಬಳಸಿತು.

ಡವರ್ ಮತ್ತು ಡೌರಿ

ಈಗ ನಮ್ಮ ಮನೆಗೆ ಬರೋಣ. ‘ಡವರ್’ ಮತ್ತು ‘ಡೌರಿ’ ಇವು ಲ್ಯಾಟಿನ್ನಿನ ಒಂದೇ ಬೇರಿನಿಂದ ಹುಟ್ಟಿ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದ ಪದಗಳು. ಅರ್ಥದಲ್ಲಿ ಒಂದು ಪೂರ್ವವಾದರೆ ಇನ್ನೊಂದು ಪಶ್ಚಿಮ. ಡೌರಿ ಎಂದರೆ ವರದಕ್ಷಿಣೆ. ಡವರ್ ಎಂದರೆ, ಭಾರತದ ಕಾನೂನಿನ ಭಾಷೆಯಲ್ಲಿ, ಮುಸ್ಲಿಮ್ ವಧುವಿಗೆ ವರನು ಕೊಡಬೇಕಾದ ಮಹ್ರ್. ಒಂದು ಹೆಣ್ಣಿನ ಕಡೆಯಿಂದ ಸುಲಿಯುವುದು, ಇನ್ನೊಂದು ಹೆಣ್ಣಿಗೆ ಸಲ್ಲುವುದು.

1961ರ ವರದಕ್ಷಿಣೆ ನಿಷೇಧ ಕಾಯ್ದೆಯ 2ನೇ ಕಲಂ ವರದಕ್ಷಿಣೆ ಎಂದರೇನೆಂದು ವಿವರಿಸುವಾಗಲೇ, ಮುಸ್ಲಿಮ್ ವೈಯಕ್ತಿಕ ಕಾನೂನು ಅನ್ವಯವಾಗುವವರ ಡವರ್ ಅಥವಾ ಮಹ್ರ್ ಅದರಲ್ಲಿ ಸೇರುವುದಿಲ್ಲವೆಂದು ಸ್ಪಷ್ಟಪಡಿಸುತ್ತದೆ. ಅಂದರೆ ಒಂದನ್ನು ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. ಅದಕ್ಕೆ ಕನಿಷ್ಠ 5 ವರ್ಷಗಳ ಜೈಲು ಮತ್ತು ದಂಡವಿದೆ. ಇನ್ನೊಂದನ್ನು ಕೊಡದೇ ಇರುವುದು ತಪ್ಪು. ಅದು ಪತ್ನಿಯ ಹಕ್ಕು, ಅದನ್ನು ಮನಃಪೂರ್ವಕ ಕೊಡಬೇಕೆಂದು ಕುರ್‌ಆನಿನ ಆಜ್ಞೆಯಿದೆ (ಅನ್ನಿಸಾ: 4).

ಈಗ ಯೋಚಿಸಿ. ವಿಚ್ಛೇದಿತ ಸಹೋದರಿಯೊಬ್ಬಳು ತನಗೆ ಬರಬೇಕಾದ ಮಹ್ರ್ ಬಂದಿಲ್ಲವೆಂದು ಕನ್ನಡದಲ್ಲಿ ಹೇಳುತ್ತಾಳೆ. ಅರ್ಜಿ ಬರೆಯುವವನು ಅದನ್ನು ಇಂಗ್ಲಿಷಿನಲ್ಲಿ ಡೌರಿ ಎಂದು ಬರೆದರೆ ಏನಾಗುತ್ತದೆ? 1986ರ ಮುಸ್ಲಿಮ್ ಮಹಿಳೆಯರ ಕಾಯ್ದೆಯ ಪ್ರಕಾರ ಆಕೆ ಕೇಳಬಹುದಾದ ಮಹ್ರ್‌ನ ಬೇಡಿಕೆಯೇ ಗೊಂದಲಕ್ಕೆ ಬೀಳುತ್ತದೆ. ವರದಕ್ಷಿಣೆ ಕೊಟ್ಟಿದ್ದೀರಾ, ಯಾರಿಗೆ, ಯಾವಾಗ ಎಂದು ಎದುರು ವಕೀಲರು ಬೇರೆಯೇ ಪ್ರಶ್ನೆಗಳನ್ನು ಎತ್ತುತ್ತಾರೆ.

ಹಾಗೆ ನೋಡಿದರೆ ಡವರ್ ಎಂಬ ಪದವೂ ಮಹ್ರ್‌ಗೆ ಸರಿಸಾಟಿಯಲ್ಲ. ಹಳೆಯ ಇಂಗ್ಲಿಷ್ ಕಾನೂನಿನಲ್ಲಿ ಡವರ್ ಎಂದರೆ ಗಂಡ ಸತ್ತ ಮೇಲೆ ಆತನ ಭೂಮಿಯಲ್ಲಿ ವಿಧವೆಗೆ ಜೀವನಪರ್ಯಂತ ಸಿಗುತ್ತಿದ್ದ ಪಾಲು, ಸಾಮಾನ್ಯವಾಗಿ ಮೂರರಲ್ಲೊಂದು. ಮಹ್ರ್ ಗಂಡನ ಮರಣವನ್ನು ಕಾಯುವುದಿಲ್ಲ. ನಿಕಾಹ್‌ನಿಂದಲೇ ಅದು ಪತ್ನಿಯ ಹಕ್ಕಾಗುತ್ತದೆ. ಬ್ರಿಟಿಷ್ ಕಾಲದ ನ್ಯಾಯಾಲಯಗಳು ತಮ್ಮಲ್ಲಿ ಬೇರೆ ಪದವಿಲ್ಲದೆ ಹತ್ತಿರದ ಪದವನ್ನು ಹಚ್ಚಿದವು. ಆದ್ದರಿಂದ ಯಾವ ಭಾಷೆಯ ಕಾಗದದಲ್ಲೇ ಆಗಲಿ ಮಹ್ರ್ ಎಂಬ ಪದವನ್ನೇ ಉಳಿಸಿಕೊಂಡು, ಬೇಕಿದ್ದರೆ ಜೊತೆಗೆ ಡವರ್ ಎಂದೂ ಬರೆಸುವುದು ಕ್ಷೇಮ.

ನಮ್ಮದೇ ಪದದಲ್ಲಿರುವ ತೊಡಕು

ಇಂಗ್ಲಿಷನ್ನು ಮಾತ್ರ ದೂರುವಂತಿಲ್ಲ. ನಿಕಾಹ್‌ನಾಮಾದಲ್ಲಿ ಮಹ್ರ್‌ನ ಮುಂದೆ ‘ಮುಅಜ್ಜಲ್’ ಎಂದು ಬರೆದಿರುವುದನ್ನು ನೀವು ಕಂಡಿರಬಹುದು. ಅರಬೀಯಲ್ಲಿ ಇವು ಎರಡು ಪದಗಳು. ‘ಐನ್’ ಅಕ್ಷರವಿರುವ ಮುಅಜ್ಜಲ್ ‘ಅಜಲತ್’ ಅಂದರೆ ಅವಸರ ಎಂಬುದರಿಂದ ಬಂದದ್ದು. ತಕ್ಷಣ ಕೊಡಬೇಕಾದ ಮಹ್ರ್ ಎಂದರ್ಥ. ‘ಹಮ್ಝ’ ಇರುವ ಮುಅಜ್ಜಲ್ ‘ಅಜಲ್’ ಅಂದರೆ ಅವಧಿ ಎಂಬುದರಿಂದ ಬಂದದ್ದು. ಮುಂದೆ ಕೊಡಲಿರುವ, ಬಾಕಿ ಇಟ್ಟ ಮಹ್ರ್ ಎಂದರ್ಥ. ಅರಬೀ ಲಿಪಿಯಲ್ಲಿ ಅಂತರ ಕಣ್ಣಿಗೆ ಕಾಣುತ್ತದೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ! ನಮ್ಮ ಉರ್ದು ಮಾತಿನಲ್ಲಂತೂ ಕಿವಿಗೂ ಅಂತರ ತಿಳಿಯುವುದಿಲ್ಲ.

ಇಂಗ್ಲಿಷ್ ಕಾಗದಗಳಲ್ಲಿ ಮೊದಲನೆಯದನ್ನು ‘ಪ್ರಾಂಪ್ಟ್ ಡವರ್’ ಎಂದೂ ಎರಡನೆಯದನ್ನು ‘ಡಿಫರ್ಡ್ ಡವರ್’ ಎಂದೂ ಬರೆಯುತ್ತಾರೆ. ಇಲ್ಲಿ ಇಂಗ್ಲಿಷ್ ಹೆಚ್ಚು ಸ್ಪಷ್ಟವಾಗಿದೆ. ಆದ್ದರಿಂದ ಜಮಾಅತ್‌ನ ದಫ್ತರದಲ್ಲಿ ಕನ್ನಡದಲ್ಲಿ ಬರೆಯುವಾಗ ಮುಅಜ್ಜಲ್ ಎಂದಷ್ಟೇ ಬರೆದು ಕೈತೊಳೆದುಕೊಳ್ಳದೆ, ‘ತಕ್ಷಣ ಕೊಟ್ಟದ್ದು ಇಷ್ಟು, ಬಾಕಿ ಇಷ್ಟು’ ಎಂದು ಬಿಡಿಸಿ ಬರೆಯುವುದು ಒಳ್ಳೆಯದು. ಎರಡು ಸಾಲಿನ ಶ್ರಮ, ಆದರೆ ಒಬ್ಬ ಹೆಣ್ಣುಮಗಳ ಹಕ್ಕಿನ ಪ್ರಶ್ನೆ.

ನಾಮಿನಿ ಮತ್ತು ವಾರಸುದಾರ

ಬ್ಯಾಂಕಿನ ಫಾರ್ಮಿನಲ್ಲಿ ‘ನಾಮಿನಿ’ ಎಂಬ ಕಾಲಂ ಇರುತ್ತದೆ. ಅಲ್ಲಿ ಹೆಸರಿರುವವರಿಗೇ ಹಣ ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ನಾಮಿನಿ ಎಂದರೆ ಹೆಸರಿಸಲ್ಪಟ್ಟವನು. ವಾರಸುದಾರನಿಗೆ ಇಂಗ್ಲಿಷಿನಲ್ಲಿರುವ ಪದ ‘ಏರ್’. ಇಬ್ಬರೂ ಒಬ್ಬರೇ ಆಗಿರಬಹುದು, ಆಗಿಲ್ಲದೆಯೂ ಇರಬಹುದು. ಬ್ಯಾಂಕು ನಾಮಿನಿಯ ಕೈಗೆ ಹಣ ಕೊಟ್ಟು ತನ್ನ ಹೊಣೆ ಕಳೆದುಕೊಳ್ಳುತ್ತದೆ, ಅಷ್ಟೆ. ಆ ಹಣದ ಒಡೆತನ ಯಾರದ್ದೆಂಬುದನ್ನು ವಾರಸು ಕಾನೂನು ತೀರ್ಮಾನಿಸುತ್ತದೆ. ಬ್ಯಾಂಕ್ ಠೇವಣಿಯ ಕುರಿತು ಸುಪ್ರೀಮ್ ಕೋರ್ಟ್ 2010ರಲ್ಲಿ ಇದನ್ನೇ ಹೇಳಿತು. ಕಂಪೆನಿ ಶೇರುಗಳ ವಿಷಯದಲ್ಲೂ 2023ರ ಡಿಸೆಂಬರ್‌ನಲ್ಲಿ ಇದೇ ತತ್ವವನ್ನು ಎತ್ತಿಹಿಡಿಯಿತು. ವಿಮೆಯ ನಿಯಮ ಮಾತ್ರ ಬೇರೆ. 2015ರ ತಿದ್ದುಪಡಿಯ ನಂತರ ತಂದೆತಾಯಿ, ಪತಿ ಅಥವಾ ಪತ್ನಿ, ಮಕ್ಕಳು ನಾಮಿನಿಗಳಾಗಿದ್ದರೆ ಆ ಮೊತ್ತದ ಫಲಾನುಭವಿಗಳೂ ಅವರೇ ಎಂದು ದೇಶದ ಕಾನೂನು ಹೇಳುತ್ತದೆ.

ಒಂದು ಲೆಕ್ಕ ನೋಡಿ. ಒಬ್ಬಾತ ತೀರಿಕೊಂಡ. ತಂದೆ ಮೊದಲೇ ಇಲ್ಲ. ತಾಯಿ, ಪತ್ನಿ, ಒಬ್ಬ ಮಗ, ಒಬ್ಬಳು ಮಗಳು ಇದ್ದಾರೆ. ಸಾಲ ಮತ್ತು ವಸಿಯ್ಯತ್ ತೀರಿಸಿದ ಮೇಲೆ ಬ್ಯಾಂಕಿನಲ್ಲಿ 7,20,000 ರೂಪಾಯಿ ಉಳಿದಿದೆ. ನಾಮಿನಿಯಾಗಿ ಮಗನ ಹೆಸರಿದೆ. ಹಣವೆಲ್ಲ ಮಗನ ಕೈಗೆ ಬರುತ್ತದೆ. ಆದರೆ ಅದು ಯಾರದ್ದು? ಪತ್ನಿಗೆ ಎಂಟರಲ್ಲೊಂದು ಪಾಲು, 90,000. ತಾಯಿಗೆ ಆರರಲ್ಲೊಂದು, 1,20,000. ಉಳಿದ 5,10,000ದಲ್ಲಿ ಮಗನಿಗೆ 3,40,000, ಮಗಳಿಗೆ 1,70,000. ಮಗ ಇಡೀ ಮೊತ್ತವನ್ನು ತನ್ನದೆಂದು ಇಟ್ಟುಕೊಂಡರೆ ಆತ ಅಜ್ಜಿ, ತಾಯಿ, ತಂಗಿ ಮೂವರ ಸೊತ್ತನ್ನೂ ತಿಂದಂತೆ. ನಾಮಿನಿ ಆಗುವುದೆಂದರೆ ಅಮಾನತ್ ಹೊರುವುದು. ಅದು ಬಹುಮಾನವಲ್ಲ.

ಸಾಲ ತೀರಿಸಿದ ಮೇಲೆ ಎಂದೆ, ಗಮನಿಸಿದಿರಾ? ಬಾಕಿ ಉಳಿದ ಮಹ್ರ್ ಕೂಡ ಸಾಲವೇ. ಅದನ್ನು ಪತ್ನಿಗೆ ಕೊಟ್ಟ ನಂತರವೇ ಪಾಲು ಹಂಚಬೇಕು. ಡಿಫರ್ಡ್ ಎಂಬ ಪದದ ತೂಕ ಆಗ ತಿಳಿಯುತ್ತದೆ.

ಇನ್ನು, 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ 4 ಮಂದಿಯವರೆಗೆ ನಾಮಿನಿಗಳನ್ನು ಹೆಸರಿಸಲು ಅವಕಾಶವಾಗಿದೆ. ಹೆಸರು ಬರೆಸುವಾಗ ಮನೆಯವರೆಲ್ಲರಿಗೂ ವಿಷಯ ತಿಳಿಸಿ.

ಕಸ್ಟಡಿ ಮತ್ತು ಗಾರ್ಡಿಯನ್

ಶಾಲೆಯ ಅರ್ಜಿಯಲ್ಲಿ ‘ಗಾರ್ಡಿಯನ್’ ಎಂಬಲ್ಲಿ ಯಾರಾದರೂ ಸಹಿ ಹಾಕುತ್ತಾರೆ. ಅದಕ್ಕೇನೂ ತೊಂದರೆಯಿಲ್ಲ. ಆದರೆ ಕಾನೂನಿನಲ್ಲಿ ಆ ಪದ ಅಷ್ಟು ಸಡಿಲವಲ್ಲ. ಮಗುವನ್ನು ತನ್ನ ಬಳಿ ಇಟ್ಟು ಸಾಕುವುದು ‘ಕಸ್ಟಡಿ’. ನಮ್ಮ ಫಿಕ್‌ಹ್‌ನಲ್ಲಿ ಅದು ‘ಹಿಝಾನತ್’. ಮಗುವಿನ ಮತ್ತು ಅದರ ಆಸ್ತಿಯ ಪರವಾಗಿ ತೀರ್ಮಾನ ಕೈಗೊಳ್ಳುವುದು ‘ಗಾರ್ಡಿಯನ್‌ಶಿಪ್’, ಅಂದರೆ ‘ವಿಲಾಯತ್’.

ಹನಫೀ ಮದ್‌ಹಬ್‌ನಂತೆ ಗಂಡುಮಗುವಿಗೆ 7 ವರ್ಷವಾಗುವ ತನಕ, ಹೆಣ್ಣುಮಗು ಪ್ರಾಯಕ್ಕೆ ಬರುವ ತನಕ ಹಿಝಾನತ್ ತಾಯಿಯದು. ಶಾಫಿಈ ಮದ್‌ಹಬ್‌ನಲ್ಲಿ ಮಗುವಿಗೆ ವಿವೇಚನೆ ಬರುವ ತನಕ, ಸುಮಾರು 7 ವರ್ಷದವರೆಗೆ, ತಾಯಿಯ ಬಳಿ. ನಂತರ ಮಗುವಿಗೇ ಆಯ್ಕೆಯಿದೆ. ಪ್ರಕರಣ ಕೋರ್ಟಿಗೆ ಹೋದರೆ 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆಯಡಿ ಮಗುವಿನ ಹಿತವನ್ನೇ ನೋಡಲಾಗುತ್ತದೆ.

ಆದರೆ ಸಾಕುವ ತಾಯಿಗೆ ಮಗುವಿನ ಆಸ್ತಿ ಮಾರುವ ಅಧಿಕಾರ ತಾನಾಗಿಯೇ ಬರುವುದಿಲ್ಲ. 1918ರಲ್ಲಿ ಪ್ರಿವಿ ಕೌನ್ಸಿಲ್ ಇದನ್ನು ತೀರ್ಮಾನಿಸಿತು. ತಂದೆ ತೀರಿಹೋದ ಮನೆಯಲ್ಲಿ, ಅಪ್ರಾಪ್ತ ಮಕ್ಕಳ ಪಾಲಿರುವ ಜಾಗವನ್ನು ‘ನಾನೇ ಅವರ ಗಾರ್ಡಿಯನ್’ ಎಂದು ತಾಯಿ ಸಹಿ ಹಾಕಿ ಮಾರಿದರೆ ಮಕ್ಕಳ ಪಾಲಿನ ಮಟ್ಟಿಗೆ ಆ ಮಾರಾಟ ನಿಲ್ಲುವುದಿಲ್ಲ. ಕೊಂಡವನಿಗೂ ನಷ್ಟ. ತಂದೆ ವಸಿಯ್ಯತ್‌ನಲ್ಲಿ ಆಕೆಯನ್ನು ನೇಮಿಸಿರಬೇಕು, ಇಲ್ಲವೇ ಕೋರ್ಟಿನಿಂದ ನೇಮಕ ಹಾಗೂ ಅನುಮತಿ ಪಡೆಯಬೇಕು. ಮಕ್ಕಳ ಮದುವೆಗೆ, ಓದಿಗೆ ಜಾಗ ಮಾರಹೊರಟ ಎಷ್ಟೋ ವಿಧವಾ ತಾಯಂದಿರು ಈ ಎರಡು ಪದಗಳ ನಡುವೆ ಸಿಕ್ಕಿಬೀಳುತ್ತಾರೆ.

ಇದೇ ರೀತಿ ಸಾಲದ ಕಾಗದದಲ್ಲಿ ‘ವಿಟ್ನೆಸ್’ ಎಂಬಲ್ಲಿ ಸಹಿ ಹಾಕಿದರೆ ನೀವು ಸಾಕ್ಷಿ ಮಾತ್ರ. ‘ಶ್ಯೂರಿಟಿ’ ಅಥವಾ ‘ಗ್ಯಾರಂಟರ್’ ಎಂಬಲ್ಲಿ ಹಾಕಿದರೆ ನೀವು ಜಾಮೀನುದಾರ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಬೇರೆ ಷರತ್ತಿಲ್ಲದಿದ್ದರೆ ಸಾಲಗಾರನಷ್ಟೇ ಹೊಣೆ ನಿಮ್ಮ ಮೇಲೂ ಬೀಳುತ್ತದೆ. ‘ಒಂದು ಸಹಿ ತಾನೇ’ ಎಂಬ ದಾಕ್ಷಿಣ್ಯಕ್ಕೆ ಬಸಿರಾಗುವ ಮುನ್ನ ಸಹಿಯ ಮೇಲಿರುವ ಪದ ಓದಿ.

ಕೊಲ್ಲಿಗೆ ಹೊರಟವರ ಪದಗಳು

‘ಎಮಿಗ್ರೇಶನ್’ ಮತ್ತು ‘ಇಮಿಗ್ರೇಶನ್’ ನಡುವೆ ಒಂದು ಸ್ವರದ ಅಂತರ. ‘ಎ’ ಎಂದರೆ ಹೊರಗೆ, ‘ಇಮ್’ ಎಂದರೆ ಒಳಗೆ. ದೇಶ ಬಿಟ್ಟು ಹೋಗುವವನು ಎಮಿಗ್ರಂಟ್, ಆತನೇ ಆ ದೇಶದವರ ಕಣ್ಣಿಗೆ ಇಮಿಗ್ರಂಟ್. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನ ‘ಇಸಿಆರ್’ ಎಂಬುದರಲ್ಲಿರುವ ‘ಇ’ ಎಮಿಗ್ರೇಶನ್‌ನದ್ದು. ಕೊಲ್ಲಿ ರಾಷ್ಟ್ರಗಳ ಸಹಿತ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ಪರಿಶೀಲನೆ ಅಗತ್ಯ ಎಂದರ್ಥ. 1983ರ ಎಮಿಗ್ರೇಶನ್ ಕಾಯ್ದೆಯಡಿ ಬಂದ ಈ ಏರ್ಪಾಡಿನ ಉದ್ದೇಶ ಕೆಲಸಗಾರನ ರಕ್ಷಣೆ. ಇದನ್ನು ತಪ್ಪಿಸಿ ವಿಸಿಟ್ ವೀಸಾದಲ್ಲಿ ಕಳಿಸುತ್ತೇನೆ ಎನ್ನುವ ಏಜೆಂಟ್ ಆ ರಕ್ಷಣೆಯನ್ನೇ ಕಳಚಿ ಕಳಿಸುತ್ತಾನೆ. ‘ವಿಸಿಟ್’ ಎಂದರೆ ಭೇಟಿ, ‘ಎಂಪ್ಲಾಯ್‌ಮೆಂಟ್’ ಎಂದರೆ ಉದ್ಯೋಗ. ಭೇಟಿಗೆಂದು ಹೋದವನಿಗೆ ಉದ್ಯೋಗಿಯ ಹಕ್ಕು ಎಲ್ಲಿಂದ ಬರಬೇಕು?

‘ಆಬ್ಸೆಂಟ್’ ಎಂದರೆ ಗೈರುಹಾಜರಿ, ‘ಆಬ್‌ಸ್ಕಾಂಡಿಂಗ್’ ಎಂದರೆ ಪರಾರಿ. ಎರಡನೆಯದು ಕೊಲ್ಲಿಯಲ್ಲಿ ಗಂಭೀರ ಆರೋಪ. ‘ರಿಸೈನ್’ ಎಂದರೆ ರಾಜೀನಾಮೆ. ಅದೇ ಅಕ್ಷರಗಳ ನಡುವೆ ಒಂದು ಸಣ್ಣ ಗೆರೆ ಎಳೆದು ‘ರೀ-ಸೈನ್’ ಎಂದರೆ ಮತ್ತೆ ಸಹಿ ಮಾಡುವುದು. ಕರಾರು ನವೀಕರಿಸುವ ಪತ್ರದಲ್ಲಿ ಆ ಗೆರೆ ಬಿಟ್ಟುಹೋದರೆ ಏನಾದೀತೆಂದು ಊಹಿಸಿ.

ಅಂದ ಹಾಗೆ, ಕ್ರಿ.ಶ. 622ರ ಹಿಜ್ರತನ್ನು ಹಿಂದಿನ ಇಂಗ್ಲಿಷ್ ಲೇಖಕರು ‘ಫ್ಲೈಟ್’ ಅಂದರೆ ಪಲಾಯನ ಎಂದು ಅನುವಾದಿಸುತ್ತಿದ್ದರು. ಅಲ್ಲಾಹನ ಅನುಮತಿಯೊಂದಿಗೆ, ಅಮಾನತುಗಳನ್ನು ಮರಳಿಸುವ ವ್ಯವಸ್ಥೆ ಮಾಡಿ, ಒಂದು ಹೊಸ ಸಮಾಜವನ್ನು ಕಟ್ಟಲು ಕೈಗೊಂಡ ಯಾತ್ರೆ ಪಲಾಯನ ಹೇಗಾದೀತು? ಎಮಿಗ್ರೇಶನ್ ಎಂಬುದೇ ಅದಕ್ಕೆ ಹತ್ತಿರ. ಒಂದು ತಪ್ಪು ಪದ ಒಂದು ಚರಿತ್ರೆಯ ಬಣ್ಣವನ್ನೇ ಬದಲಿಸಬಲ್ಲುದು.

ಮನಸ್ಸಿನ ಪದಗಳು

ಕಾಗದದಲ್ಲಿ ಮಾತ್ರವಲ್ಲ, ಮನಸ್ಸಿನಲ್ಲೂ ಈ ಅಂತರ ಮುಖ್ಯ. ‘ಎನ್ವಿ’ ಎಂದರೆ ಇನ್ನೊಬ್ಬನಲ್ಲಿರುವುದನ್ನು ಕಂಡು ಕರುಬುವುದು. ‘ಜೆಲಸಿ’ ಎಂದರೆ ಮುಖ್ಯವಾಗಿ ತನ್ನದು ಕೈತಪ್ಪೀತೆಂಬ ತಳಮಳ. ಆಶ್ಚರ್ಯವೆಂದರೆ ‘ಜೆಲಸ್’ ಮತ್ತು ಉತ್ಸಾಹಿ ಎಂಬರ್ಥದ ‘ಝೆಲಸ್’ ಒಂದೇ ಗ್ರೀಕ್ ಮೂಲದವು. ಅರಬೀ ಇಲ್ಲಿ ಇನ್ನೂ ಸ್ಪಷ್ಟ. ಇತರರ ಅನುಗ್ರಹ ನಾಶವಾಗಲೆಂದು ಬಯಸುವುದು ‘ಹಸದ್’, ಅದು ನಿಷಿದ್ಧ. ಅವರಿಗೂ ಇರಲಿ, ನನಗೂ ಸಿಗಲಿ ಎನ್ನುವುದು ‘ಗಿಬ್ತ’, ಅದಕ್ಕೆ ಅನುಮತಿಯಿದೆ. ತನ್ನ ಮನೆಯ ಮಾನಕ್ಕಾಗಿ ತುಡಿಯುವುದು ‘ಗೈರತ್’. ಸಂಪತ್ತನ್ನು ಸತ್ಕಾರ್ಯಕ್ಕೆ ಖರ್ಚು ಮಾಡುವವನ ಬಗ್ಗೆ ಹಾಗೂ ಜ್ಞಾನದಂತೆ ನಡೆದು ಇತರರಿಗೆ ಕಲಿಸುವವನ ಬಗ್ಗೆ ಹಸದ್ ಆಗಬಹುದೆಂದು ಹದೀಸ್‌ನಲ್ಲಿ ಬಂದಿದೆ. ಅಲ್ಲಿ ಅದರ ಅರ್ಥ ಗಿಬ್ತ ಎಂದು ವಿದ್ವಾಂಸರು ವಿವರಿಸಿದ್ದಾರೆ.

‘ಚೈಲ್ಡಿಶ್’ ಎಂದರೆ ಬಾಲಿಶ, ಅದು ಬೈಗುಳ. ‘ಚೈಲ್ಡ್‌ಲೈಕ್’ ಎಂದರೆ ಮಗುವಿನಂತಹ ಮುಗ್ಧತೆ, ಅದು ಹೊಗಳಿಕೆ. ‘ಅಲೋನ್’ ಎಂದರೆ ಒಬ್ಬಂಟಿ, ‘ಲೋನ್ಲಿ’ ಎಂದರೆ ಒಂಟಿತನದಿಂದ ನೊಂದವನು. ರಾತ್ರಿಯ ತಹಜ್ಜುದ್‌ನಲ್ಲಿ ನಿಂತವನು ಅಲೋನ್, ಆದರೆ ಲೋನ್ಲಿ ಅಲ್ಲ. ಮಕ್ಕಳೆಲ್ಲ ಪರದೇಶದಲ್ಲಿರುವ ಮನೆಯಲ್ಲಿ ಕೆಲಸದವರ ನಡುವೆ ಕುಳಿತ ವೃದ್ಧ ತಾಯಿ ಅಲೋನ್ ಅಲ್ಲ, ಆದರೆ ಲೋನ್ಲಿ. ‘ಹ್ಯೂಮನ್’ ಮತ್ತು ‘ಹ್ಯೂಮೇನ್’ ಹಿಂದೆ ಒಂದೇ ಪದವಾಗಿದ್ದವು. ಈಗ ಮೊದಲನೆಯದು ಮನುಷ್ಯ, ಎರಡನೆಯದು ಮನುಷ್ಯತ್ವವುಳ್ಳವನು. ಹುಟ್ಟಿನಿಂದ ಎಲ್ಲರೂ ಹ್ಯೂಮನ್, ಹ್ಯೂಮೇನ್ ಆಗಲು ಮಾತ್ರ ಪ್ರಯತ್ನ ಬೇಕು!

ನೀವೇನು ಮಾಡಬಹುದು?

ಮಕ್ಕಳಿಗೆ ಇಂಗ್ಲಿಷ್ ಪದದ ಎದುರು ಒಂದು ಕನ್ನಡ ಪದ ಬರೆಸಿ ಬಾಯಿಪಾಠ ಮಾಡಿಸಿದರೆ ಸಾಲದು. ‘ಲೆಂಡ್’ ಎಂಬುದಕ್ಕೂ ಸಾಲ, ‘ಬಾರೋ’ ಎಂಬುದಕ್ಕೂ ಸಾಲ ಎಂದು ಕಲಿತ ಮಗು ಕೊಟ್ಟವನಾರು, ಪಡೆದವನಾರು ಎಂಬುದನ್ನೇ ಅದಲುಬದಲು ಮಾಡುತ್ತದೆ. ಪದವನ್ನು ಒಂದು ವಾಕ್ಯದೊಳಗೆ ಇಟ್ಟು ಕಲಿಸಿ, ಅದರ ಜೋಡಿಪದವನ್ನು ಪಕ್ಕದಲ್ಲೇ ನಿಲ್ಲಿಸಿ. ನಿಘಂಟಿನಲ್ಲಿ ಅರ್ಥದ ಕೆಳಗಿರುವ ಉದಾಹರಣೆಯನ್ನೂ ಓದುವ ರೂಢಿ ಬೆಳೆಸಿ. ನಮ್ಮ ಭಾಷೆಯಿಂದಲೂ ತೋರಿಸಿ. ಭತ್ತ, ಅಕ್ಕಿ, ಅನ್ನ ಎಲ್ಲಕ್ಕೂ ಇಂಗ್ಲಿಷರು ‘ರೈಸ್’ ಎಂದರೂ ಭತ್ತವನ್ನು ಬಡಿಸಿದರೆ ಯಾರೂ ಉಣ್ಣುವುದಿಲ್ಲ ಎಂದು ಹೇಳಿದರೆ ಮಕ್ಕಳಿಗೆ ತಟ್ಟನೆ ಅರ್ಥವಾಗುತ್ತದೆ.

ದೊಡ್ಡವರು ಸಹಿ ಹಾಕುವ ಮುನ್ನ ಕಾಗದವನ್ನು ತಿಳಿದವರಿಂದ ಓದಿಸಿ, ಪ್ರತಿಯೊಂದು ಪದದ ಅರ್ಥ ಕೇಳಿ. ಕೇಳುವುದು ನಾಚಿಕೆಯಲ್ಲ. ಸಾಲದ ವ್ಯವಹಾರವನ್ನು ಬರೆದಿಡಬೇಕು, ಬರೆಯುವವನು ನ್ಯಾಯಯುತವಾಗಿ ಬರೆಯಬೇಕು, ಹೇಳಿ ಬರೆಸಲು ಶಕ್ತನಲ್ಲದವನ ಪರವಾಗಿ ಆತನ ಹೊಣೆಗಾರನು ಹೇಳಿ ಬರೆಸಬೇಕು ಎಂದು ಕುರ್‌ಆನ್ ತನ್ನ ಅತಿ ದೀರ್ಘ ಸೂಕ್ತದಲ್ಲಿ ಕಲಿಸಿದೆ (ಅಲ್‌ಬಕರಃ: 282). ನಿಮ್ಮ ಮೊಹಲ್ಲಾದಲ್ಲಿ ಇಂಗ್ಲಿಷ್ ಬಲ್ಲ ಯುವಕ ಯುವತಿಯರಿದ್ದರೆ ವಾರಕ್ಕೊಮ್ಮೆ ಇತರರ ಕಾಗದಪತ್ರ ಓದಿ ಹೇಳುವ ಸೇವೆಯನ್ನು ಆರಂಭಿಸಿ. ಅದಕ್ಕೆ ಹಣ ಬೇಡ, ಕಟ್ಟಡ ಬೇಡ, ಮಸೀದಿಯ ಜಗಲಿ ಸಾಕು.

ಈ ಲೇಖನ ಓದಿ ಮುಗಿಸಿದ ಕೂಡಲೇ ಒಂದು ಕೆಲಸ ಮಾಡಿ. ನಿಮ್ಮ ನಿಕಾಹ್‌ನಾಮಾ ಮತ್ತು ಬ್ಯಾಂಕ್ ಪುಸ್ತಕ ಹೊರತೆಗೆಯಿರಿ. ಮಹ್ರ್‌ನ ಮುಂದೆ ಏನು ಬರೆದಿದೆ, ನಾಮಿನಿ ಯಾರು ಎಂದು ನೋಡಿ. ಆ ಪದಗಳ ಅರ್ಥವನ್ನು ಇವತ್ತೇ ಮನೆಯವರೊಂದಿಗೆ ಕುಳಿತು ಮಾತಾಡಿಕೊಳ್ಳಿ.